ಪ್ರಿಟೋರಿಯಾ ಜೈಲಿನ ಮರದ ಬೀಗದ ಕೈ: ಸಿನಿಮಾ ಮುಗಿದ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಗಲ್‌ಪೇಟೆಯಲ್ಲಿ ನಮ್ಮ ಮನೆ ಮಹಡಿ ಮೇಲೆ ಬಿಳಿ ಪಂಚೆ ಕಟ್ಟಿ, ಕರೆಂಟ್ ಕೈ ಕೊಡದಿದ್ದರೆ, ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. ಬರುವವರು ಹದಿನೈದು ಇಪ್ಪತ್ತು ಜನ. ಕಾಲೇಜು ಹುಡುಗರು, ಇಬ್ಬರು ಮೇಷ್ಟ್ರು, ಕೆಜಿಎಫ್‌ನಿಂದ ಬರುವ ಒಬ್ಬರು ರಿಟೈರ್ಡ್ ಗಣಿ ಕಾರ್ಮಿಕರು, ನಮ್ಮ ಬೀದಿಯ ಆಚಾರಿ ತಾತ. 2020ರ ‘ಎಸ್ಕೇಪ್ ಫ್ರಮ್ ಪ್ರಿಟೋರಿಯಾ’ ಸಿನಿಮಾ ಇದುವರೆಗೆ ಮೂರು ಸಲ ಹಾಕಿದ್ದೇವೆ. ಮೂರು ಸಲವೂ ಅವೇ ಪ್ರಶ್ನೆಗಳು. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಬರೆದಿಡುತ್ತಿದ್ದೇನೆ. ಕಥೆ ಪೂರ್ತಿ ಇಲ್ಲೇ ಗೊತ್ತಾಗಿಬಿಡುತ್ತದೆ. ನೋಡದವರು ನೋಡಿಕೊಂಡು ಬನ್ನಿ.

ಅಕ್ಕಾ, ಇದು ನಿಜವಾಗಿ ನಡೆದಿದ್ದಾ, ಇಲ್ಲಾ ಸುಮ್ನೆ ಕಥೆಯಾ?

ನಡೆದಿದ್ದು. ಟಿಮ್ ಜೆಂಕಿನ್, ಸ್ಟೀಫನ್ ಲೀ ಇಬ್ಬರೂ ದಕ್ಷಿಣ ಆಫ್ರಿಕಾದ ಬಿಳಿ ಹುಡುಗರು. ವರ್ಣಭೇದದ ವಿರುದ್ಧ ಹೋರಾಡುತ್ತಿದ್ದು ನಿಷೇಧಕ್ಕೊಳಗಾಗಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದರೆ ಎಎನ್‌ಸಿ ಸೇರಿ, ಗುಟ್ಟಾಗಿ ಕರಪತ್ರ ಹಂಚುತ್ತಿದ್ದರು. ಕೈಯಿಂದ ಹಂಚಿದರೆ ಸಿಕ್ಕಿಬೀಳುತ್ತಾರಲ್ಲ, ಅದಕ್ಕೆ ಜನ ಸೇರುವ ಜಾಗದಲ್ಲಿ ಒಂದು ಪುಟ್ಟ ಸಾಧನ ಇಟ್ಟು ಹೋಗುತ್ತಿದ್ದರು. ಅದು ಸಿಡಿದರೆ ಕರಪತ್ರಗಳು ಮೇಲಕ್ಕೆ ಹಾರಿ ರಸ್ತೆ ತುಂಬ ಬೀಳುತ್ತಿದ್ದವು. ಯಾರನ್ನೂ ಕೊಲ್ಲುವ ಬಾಂಬ್ ಅಲ್ಲ, ಕಾಗದ ಚೆಲ್ಲುವ ಬಾಂಬ್. 1978ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದರು. ಜೆಂಕಿನ್‌ಗೆ 12 ವರ್ಷ, ಲೀಗೆ 8 ವರ್ಷ. ಇಬ್ಬರನ್ನೂ ಪ್ರಿಟೋರಿಯಾ ಜೈಲಿಗೆ ಹಾಕಿದರು. ಅಲ್ಲಿ ಅಲೆಕ್ಸ್ ಮೂಂಬಾರಿಸ್ ಎಂಬ ಇನ್ನೊಬ್ಬ ರಾಜಕೀಯ ಕೈದಿ ಜೊತೆಗೂಡಿದರು. ಕಾವಲುಗಾರರ ಸೊಂಟದಲ್ಲಿ ನೇತಾಡುವ ಬೀಗದ ಕೈಗಳನ್ನು ಕಣ್ಣಲ್ಲೇ ಅಳೆದು, ಮರದಲ್ಲಿ ಕೆತ್ತಿ, ಒಂದೊಂದೇ ಬಾಗಿಲಿಗೆ ಹಾಕಿ ನೋಡಿ, 1979ರ ಡಿಸೆಂಬರ್ 11ರಂದು ಮೂವರೂ ಮುಂಬಾಗಿಲಿನಿಂದಲೇ ನಡೆದುಕೊಂಡು ಹೊರಗೆ ಹೋದರು. ಸುರಂಗ ಇಲ್ಲ, ಗುಂಡು ಇಲ್ಲ, ಒಬ್ಬರಿಗೂ ಒಂದು ಗೀರೂ ಇಲ್ಲ.

ಜೆಂಕಿನ್ ಇದನ್ನು ಆಮೇಲೆ ಪುಸ್ತಕವಾಗಿ ಬರೆದರು. ಸಿನಿಮಾ ಬಂದಿದ್ದು ಅದರಿಂದಲೇ.

ಕಪ್ಪು ಜನರ ಹೋರಾಟ ಅಲ್ವಾ ಅದು? ಈ ಬಿಳಿಯರಿಗೆ ಅಲ್ಲೇನು ಕೆಲಸ?

ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಒಂದು ಸಲ ಸ್ವಲ್ಪ ಸಿಟ್ಟಲ್ಲೇ ಬಂತು.

ದಕ್ಷಿಣ ಆಫ್ರಿಕಾದಲ್ಲಿ 1948ರಿಂದ ಅಪಾರ್ಥೈಡ್, ಅಂದರೆ ಬಣ್ಣ ನೋಡಿ ಜನರನ್ನು ಬೇರೆ ಬೇರೆ ಇಡುವ ಪದ್ಧತಿಯನ್ನು ಕಾನೂನಾಗಿ ಒಂದೊಂದೇ ಕಟ್ಟುತ್ತಾ ಹೋದರು. 1950ರಲ್ಲಿ ಪ್ರತಿಯೊಬ್ಬರ ಬಣ್ಣವನ್ನೂ ಸರ್ಕಾರದ ದಫ್ತರದಲ್ಲಿ ಬರೆಸಬೇಕು ಎಂಬ ಕಾನೂನು ಬಂತು. ಅದೇ ವರ್ಷ ಯಾವ ಬಣ್ಣದವರು ಊರಿನ ಯಾವ ಭಾಗದಲ್ಲಿ ಇರಬೇಕು ಎಂಬ ಕಾನೂನೂ ಬಂತು. ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವಂತಿಲ್ಲ, ಪ್ರೀತಿಸಿದರೂ ಪೊಲೀಸರು ಬರುತ್ತಾರೆ. ಇಂಥ ಕಡೆ ಬಿಳಿಯನಾಗಿ ಹುಟ್ಟಿದರೆ ಒಳ್ಳೆ ಶಾಲೆ, ಒಳ್ಳೆ ಬೀದಿ, ಈಜುಕೊಳ ಎಲ್ಲ ಕೇಳದೇ ಸಿಗುತ್ತದೆ. ಬೇಡ ಅನ್ನುವುದಕ್ಕೆ ಕಾರಣವೇ ಇಲ್ಲ. ಅದರೊಳಗಿಂದ ಕೆಲವರು ಬೇಡ ಅಂದರು. ಅವರನ್ನು ಸರ್ಕಾರ ಬರೀ ಅಪರಾಧಿಗಳು ಅಂತ ನೋಡಲಿಲ್ಲ, ಕುಲದ್ರೋಹಿಗಳು ಅಂತ ನೋಡಿತು. ಸಿನಿಮಾದಲ್ಲಿ ಕಾವಲುಗಾರರ ಕಣ್ಣಲ್ಲಿ ಕಾಣುವ ಅಸಹ್ಯ ಇದೇ. ನಮ್ಮ ಕಡೆ ಕುಲದಿಂದ ಹೊರಗೆ ಹಾಕುವಾಗ ದೊಡ್ಡವರ ಮುಖದಲ್ಲಿ ಕಾಣುತ್ತದಲ್ಲ, ಹಾಗೆ.

ಆದರೆ ಅಲ್ಲಿಗೇ ನಿಂತರೆ ಬಿಳಿಯರ ಒಳ್ಳೆಯತನದ ಕಥೆಯಾಗಿಬಿಡುತ್ತದೆ. ಮುಂದಿನ ಎರಡು ಪ್ರಶ್ನೆ ನೋಡಿ.

ಮಂಡೇಲಾ ಯಾಕೆ ಎಲ್ಲೂ ಕಾಣಿಸುವುದಿಲ್ಲ?

ಜೈಲಿಗೂ ಬಣ್ಣ ಇತ್ತು, ಅದಕ್ಕೆ. 1964ರ ಜೂನ್‌ನಲ್ಲಿ, ಮಂಡೇಲಾ ಮತ್ತು ಜೊತೆಗಾರರ ಮೇಲೆ ವಿಧ್ವಂಸಕ ಕೃತ್ಯದ ಆರೋಪ ಹೊರಿಸಿದ್ದ ರಿವೋನಿಯಾ ಮೊಕದ್ದಮೆಯಲ್ಲಿ ಎಂಟು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಅದರಲ್ಲಿ ಏಳು ಜನರನ್ನು, ಮಂಡೇಲಾ ಸೇರಿ, ಸಮುದ್ರದ ನಡುವಿನ ರಾಬೆನ್ ದ್ವೀಪಕ್ಕೆ ಕಳಿಸಿದರು. ಎಂಟನೆಯವರು ಡೆನಿಸ್ ಗೋಲ್ಡ್‌ಬರ್ಗ್. ಅವರೊಬ್ಬರೇ ಬಿಳಿಯರು, ಹಾಗಾಗಿ ಅವರನ್ನು ಮಾತ್ರ ಪ್ರಿಟೋರಿಯಾದಲ್ಲಿ ಬಿಳಿಯರ ಜೈಲಿಗೆ ಹಾಕಿದರು. ಒಂದೇ ಕೇಸು, ಒಂದೇ ತೀರ್ಪು. ಸಿನಿಮಾದಲ್ಲಿ ಬರುವ ಆ ಹಿರಿಯ ಕೈದಿ ಇವರೇ.

ರಾಬೆನ್ ದ್ವೀಪದೊಳಗೂ ಭೇದ ಇತ್ತು. ಭಾರತ ಮೂಲದ ಅಹಮದ್ ಕತ್ರಾಡಾ ಅವರಿಗೆ ಉದ್ದ ಪ್ಯಾಂಟು ಕೊಟ್ಟರು. ಅವರಿಗಿಂತ ದೊಡ್ಡವರಾದ ಮಂಡೇಲಾ, ಅದೇ ಕೇಸಿನ ಸಿಸುಲು ಅವರಿಗೆ ಚಡ್ಡಿ. ಯಾಕೆಂದರೆ ಆಫ್ರಿಕದವರು ಎಷ್ಟೇ ವಯಸ್ಸಾದರೂ ‘ಹುಡುಗರು’. ಊಟದಲ್ಲೂ ಹಾಗೇ, ಭಾರತೀಯರಿಗೆ ಬ್ರೆಡ್ಡು, ಆಫ್ರಿಕದವರಿಗೆ ಬ್ರೆಡ್ಡಿಲ್ಲ. ಪಂಕ್ತಿಭೇದ ಎಂಬ ಮಾತು ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ, ಅದು ಜೈಲಿನ ರೂಲ್ ಬುಕ್ಕಲ್ಲೂ ಇರಬಹುದು ಅಂತ ಗೊತ್ತಿರಲಿಲ್ಲ.

ಹಾಗಾದರೆ ಬಿಳಿ ಚರ್ಮ ಇದ್ದಿದ್ದಕ್ಕೇ ತಪ್ಪಿಸಿಕೊಂಡರು ಅನ್ನಬಹುದಾ?

ಪೂರ್ತಿ ಹಾಗಲ್ಲ. ಬುದ್ಧಿ, ತಾಳ್ಮೆ, ಧೈರ್ಯ ಎಲ್ಲ ಅವರದೇ. ಕಸಬರಿಗೆ ಕೋಲಿಗೆ ಬೀಗದ ಕೈ ಸಿಕ್ಕಿಸಿ, ಕಿಟಕಿಯಿಂದ ಕೈ ಹಾಕಿ, ಕಣ್ಣಿಗೆ ಕಾಣದ ಬೀಗವನ್ನು ಹೊರಗಡೆಯಿಂದ ತಿರುಗಿಸುವುದು ಅಂದರೆ ತಮಾಷೆಯಲ್ಲ. ಆ ದೃಶ್ಯ ಬಂದಾಗ ನಮ್ಮ ಮಹಡಿಯಲ್ಲಿ ಕಡಲೆಕಾಯಿ ಸಿಪ್ಪೆ ಬಿಡಿಸುವ ಸದ್ದೂ ನಿಂತುಹೋಗುತ್ತದೆ.

ಆದರೆ ಬಾಗಿಲು ಲೆಕ್ಕ ಹಾಕಿ. ಜೈಲಿನಲ್ಲಿ ದಾಟಬೇಕಾದ ಬಾಗಿಲು ಹತ್ತು. ಹತ್ತನೆಯದಕ್ಕೆ ಯಾವ ಬೀಗದ ಕೈಯೂ ಹೊಂದಲಿಲ್ಲ, ಉಳಿಯಿಂದ ಚೌಕಟ್ಟು ಕಿತ್ತರು. ಅದಾದ ಮೇಲೆ ಇನ್ನೊಂದು ಬಾಗಿಲಿತ್ತು, ಅದನ್ನು ಸಿನಿಮಾ ಎಣಿಸುವುದೇ ಇಲ್ಲ. ಪ್ರಿಟೋರಿಯಾದ ರಸ್ತೆ. ಆಗ ಆ ಊರಲ್ಲಿ 16 ವರ್ಷ ದಾಟಿದ ಕಪ್ಪು ಮನುಷ್ಯ ಪಾಸ್ ಪುಸ್ತಕ ಇಲ್ಲದೆ ಓಡಾಡುವಂತಿರಲಿಲ್ಲ. ಯಾವ ಪೊಲೀಸ್ ಬೇಕಾದರೂ ನಿಲ್ಲಿಸಿ ಕೇಳಬಹುದು, ಇಲ್ಲದಿದ್ದರೆ ಒಳಗೆ. ಮೂರು ಜನ ಬಿಳಿಯರು ಸಂಜೆ ಹೊತ್ತು ನಡೆದುಕೊಂಡು ಹೋದರೆ? ಆಫೀಸ್ ಮುಗಿಸಿ ಮನೆಗೆ ಹೋಗುತ್ತಿದ್ದಾರೆ ಅಷ್ಟೇ. ಹನ್ನೊಂದನೇ ಬಾಗಿಲಿಗೆ ಅವರು ಬೀಗದ ಕೈ ಕೆತ್ತಬೇಕಾಗಿ ಬರಲಿಲ್ಲ, ಹುಟ್ಟುವಾಗಲೇ ತಂದಿದ್ದರು. ಯಾವ ವ್ಯವಸ್ಥೆಯನ್ನು ಒಡೆಯಲು ಹೊರಟರೋ ಅದೇ ಕೊಟ್ಟ ಚರ್ಮ ಅವರನ್ನು ಕಾಪಾಡಿತು.

ಇನ್ನೊಂದು ಹೆಸರು ಹೇಳುತ್ತೇನೆ, ಸಾಲಮನ್ ಮಹ್ಲಾಂಗು. 1976ರಲ್ಲಿ ಜೊಹಾನೆಸ್‌ಬರ್ಗ್ ಪಕ್ಕದ ಕಪ್ಪು ಜನರ ಬಡಾವಣೆ ಸೊವೆಟೊದ ಗಲಾಟೆಯಲ್ಲಿ ಶಾಲೆ ಮಕ್ಕಳ ಮೇಲೆ ಗುಂಡು ಹಾರಿದ ಮೇಲೆ ದೇಶ ಬಿಟ್ಟು ಹೋಗಿ ಎಎನ್‌ಸಿಯ ಸಶಸ್ತ್ರ ದಳ ಸೇರಿದ ಹುಡುಗ. ವಾಪಸ್ ಬಂದಾಗ 1977ರಲ್ಲಿ ಜೊಹಾನೆಸ್‌ಬರ್ಗ್‌ನಲ್ಲಿ ಗುಂಡಿನ ಚಕಮಕಿಯಾಗಿ ಇಬ್ಬರು ಸತ್ತರು. ಗುಂಡು ಹೊಡೆದವನು ಈತನಲ್ಲ, ಜೊತೆಗಿದ್ದವನು. ಆದರೂ ಉದ್ದೇಶ ಒಂದೇ ಅಂತ ಹೇಳಿ ಕೋರ್ಟು ಈತನಿಗೆ ನೇಣು ಕೊಟ್ಟಿತು. 1979ರ ಏಪ್ರಿಲ್ 6ರಂದು ಪ್ರಿಟೋರಿಯಾದಲ್ಲೇ ಗಲ್ಲಿಗೆ ಹಾಕಿದರು. ವಯಸ್ಸು 22. ಅದೇ ಊರು, ಅದೇ ವರ್ಷ, ಅದೇ ಸಂಘಟನೆ. ಅವನನ್ನು ನೇಣಿಗೆ ಹಾಕಿ ಎಂಟು ತಿಂಗಳಿಗೆ ಇವರು ತಪ್ಪಿಸಿಕೊಂಡರು. ಸಿನಿಮಾ ಇಬ್ಬರನ್ನೂ ಒಂದು ಕಡೆ ಇಟ್ಟು ನೋಡಿಲ್ಲ. ನಾವು ನೋಡಬಹುದಲ್ಲ.

ಅಂದರೆ ಸಿನಿಮಾ ಮೋಸ ಮಾಡಿದೆ ಅಂತೀರಾ?

ಮೋಸ ಅನ್ನುವುದಿಲ್ಲ. ಅರ್ಧ ಹೇಳಿ ಬಿಟ್ಟಿದೆ. ಬೀಗ, ಬಾಗಿಲು, ಬೂಟಿನ ಸದ್ದು, ಇದರಲ್ಲಿ ಅದಕ್ಕೆ ಎಷ್ಟು ಆಸಕ್ತಿ ಇದೆಯೋ ಬೀದಿಯಲ್ಲಿ ಗುಂಡು ತಿಂದವರಲ್ಲಿ ಅಷ್ಟಿಲ್ಲ. ಕಪ್ಪು ಪಾತ್ರಗಳಿಗೆ ನಾಲ್ಕು ಮಾತು ಜಾಸ್ತಿ ಇಲ್ಲ. ಮೊದಲ ಹತ್ತು ನಿಮಿಷ ರಾಜಕೀಯ, ಕೊನೆಯಲ್ಲಿ ತೆರೆ ಮೇಲೆ ಬರುವ ಬರಹದಲ್ಲಿ ಸ್ವಲ್ಪ ರಾಜಕೀಯ, ನಡುವೆ ಪೂರ್ತಿ ಬೀಗ. ಥ್ರಿಲ್ಲರ್ ಆಗಿ ನೋಡಿದರೆ ನೂರಕ್ಕೆ ಎಂಬತ್ತು ಕೊಡುತ್ತೇನೆ. ಚರಿತ್ರೆ ಪಾಠವಾಗಿ ಮಾತ್ರ ತೋರಿಸಬೇಡಿ ಮೇಷ್ಟ್ರೇ.

ಗೋಲ್ಡ್‌ಬರ್ಗ್ ಯಾಕೆ ಓಡಿಹೋಗಲಿಲ್ಲ? ಹೆದರಿಕೆನಾ?

ಮೂರೂ ಸಲ ಜಗಳ ಆಗಿದ್ದು ಇದರ ಮೇಲೆ. ಸಿನಿಮಾದಲ್ಲಿ ಅವರು ಹೇಳುವುದರ ಸಾರ ಏನೆಂದರೆ, ನಾವು ಇಲ್ಲಿ ಇರುವುದೇ ಒಂದು ಸಾಕ್ಷಿ, ತಪ್ಪು ಮಾಡಿಲ್ಲ ಅಂದ ಮೇಲೆ ಕಳ್ಳರ ಹಾಗೆ ಯಾಕೆ ಓಡಬೇಕು. ನಮ್ಮ ಜೈಲ್ ಭರೋ ಕಾಲದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗಾಂಧಿ ದಕ್ಷಿಣ ಆಫ್ರಿಕಾದಲ್ಲೇ ಕಲಿತ ಪಾಠವೂ ಅದೇ ತಾನೇ, ಸರಪಳಿ ಹಾಕುತ್ತೀರಾ, ಹಾಕಿ. ಜೆಂಕಿನ್ ಕಡೆಯವರದು ಬೇರೆ ಲೆಕ್ಕ. ಇದು ಯುದ್ಧ, ಯುದ್ಧ ಕೈದಿಯ ಕೆಲಸ ತಪ್ಪಿಸಿಕೊಳ್ಳುವುದು, ತಪ್ಪಿಸಿಕೊಂಡರೆ ಸರ್ಕಾರದ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ.

ನನಗೆ ಎರಡೂ ಸರಿ ಅನಿಸುತ್ತದೆ, ಒಂದೊಂದು ದಿನ ಒಂದೊಂದು. ನಿಜ ಜೀವನದಲ್ಲಿ ಗೋಲ್ಡ್‌ಬರ್ಗ್ ಸುಮ್ಮನೆ ಕೂರಲಿಲ್ಲ. ಯೋಜನೆಗೆ ಸಹಾಯ ಮಾಡಿದರು, ತಪ್ಪಿಸಿಕೊಳ್ಳುವ ದಿನ ಕಾವಲುಗಾರನ ಗಮನವನ್ನು ತಮ್ಮ ಕಡೆ ಎಳೆದು ನಿಲ್ಲಿಸಿದ್ದೂ ಅವರೇ. ಆಮೇಲಿನ ಕಥೆ ಇದು. 1985ರಲ್ಲಿ ಅಧ್ಯಕ್ಷ ಬೋಥಾ, ಹಿಂಸೆಯ ದಾರಿ ಬಿಡುತ್ತೇನೆ ಅಂತ ಒಪ್ಪಿದರೆ ಬಿಡುಗಡೆ ಎಂದರು. ಮಂಡೇಲಾ ಒಪ್ಪಲಿಲ್ಲ. ಗೋಲ್ಡ್‌ಬರ್ಗ್ ಒಪ್ಪಿ, 22 ವರ್ಷದ ಜೈಲಿನ ನಂತರ ಹೊರಗೆ ಬಂದರು. ಕೆಲವರು ಟೀಕೆ ಮಾಡಿದರು. ಅವರು ಲಂಡನ್ನಿಗೆ ಹೋಗಿ ಮತ್ತೆ ಎಎನ್‌ಸಿ ಕೆಲಸಕ್ಕೇ ಕೂತರು. ಓಡಿಹೋಗದವರು ಸಹಿ ಹಾಕಿ ಹೊರಗೆ ಬಂದರು, ಇದನ್ನು ಹೇಗೆ ತೂಗುತ್ತೀರೋ ನಿಮಗೆ ಬಿಟ್ಟಿದ್ದು. ಇಪ್ಪತ್ತೆರಡು ವರ್ಷ ನಾವು ಕೂತಿಲ್ಲ.

ಕಾನೂನು ಮುರಿದವರನ್ನು ಹೀರೊ ಮಾಡುವುದು ಸರಿಯಾ? ಅವರ ಮೇಲೆ ಟೆರರಿಸ್ಟ್ ಕೇಸ್ ತಾನೇ ಇದ್ದಿದ್ದು?

ಹೌದು, ಅಲ್ಲಿನ 1967ರ ಭಯೋತ್ಪಾದನೆ ಕಾಯ್ದೆ. ಯಾರನ್ನು ಬೇಕಾದರೂ ಎಷ್ಟು ದಿನ ಬೇಕಾದರೂ ವಿಚಾರಣೆ ಇಲ್ಲದೆ ಇಟ್ಟುಕೊಳ್ಳಬಹುದಾಗಿದ್ದ ಕಾಯ್ದೆ. ಕರಪತ್ರ ಹಾರಿಸಿದರೂ ಭಯೋತ್ಪಾದನೆಯೇ. ಆ ಹಣೆಪಟ್ಟಿ ಎಷ್ಟು ಗಟ್ಟಿ ಅಂಟಿತ್ತೆಂದರೆ ಅಮೆರಿಕ ತನ್ನ ಭಯೋತ್ಪಾದಕರ ನಿಗಾ ಪಟ್ಟಿಯಿಂದ ಮಂಡೇಲಾ ಹೆಸರನ್ನು ತೆಗೆದಿದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಅವರು ರಾಷ್ಟ್ರಪತಿಯಾಗಿ ಇಳಿದು, ನೊಬೆಲ್ ತಗೊಂಡು, ನಮ್ಮ ಭಾರತ ರತ್ನವನ್ನೂ ತಗೊಂಡಾಗಿತ್ತು.

ಈ ಪ್ರಶ್ನೆ ಕೇಳಿದ ಹುಡುಗನ ಊರು ಗೌರಿಬಿದನೂರು ಕಡೆ. ನಿಮ್ಮ ವಿದುರಾಶ್ವತ್ಥಕ್ಕೆ ಹೋಗಿದ್ದೀಯಾ ಅಂತ ಕೇಳಿದೆ. ಎಷ್ಟೋ ಸಲ ಹೋಗಿದ್ದೇನೆ ಅಕ್ಕಾ, ನಾಗರಕಲ್ಲಿಗೆ ಪೂಜೆ ಮಾಡಿಸಲು ಅಂದ. ಅಲ್ಲೇ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ದಿನದ ಕಾನೂನಿನಲ್ಲಿ ಗುಂಡು ಹೊಡೆದವರು ಸರಿ, ಬಾವುಟ ಹಿಡಿದವರು ತಪ್ಪು. ಈಗ ಅಲ್ಲಿ ಸ್ತೂಪ ಇದೆ, ಶಾಲೆ ಮಕ್ಕಳನ್ನು ಬಸ್ಸಲ್ಲಿ ಕರೆದುಕೊಂಡು ಹೋಗಿ ಕೈ ಮುಗಿಸುತ್ತಾರೆ.

ಇದನ್ನು ನಮ್ಮ ಜಾತಿಗೆ ಹೋಲಿಸಬಹುದಾ?

ಹೋಲಿಸಬಹುದು, ಸಮ ಮಾಡಬಾರದು. ಅಲ್ಲಿ ಭೇದವೇ ಕಾನೂನು. ಇಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ಇಲ್ಲ ಅನ್ನುತ್ತದೆ, ಆದರೆ ಊರು ಬೇರೆ ಹೇಳುತ್ತದೆ. ಅಲ್ಲಿ ಯಾರು ಯಾವ ಬಣ್ಣ ಅಂತ ಅನುಮಾನ ಬಂದರೆ ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿ, ಬೀಳುತ್ತಾ ನಿಲ್ಲುತ್ತಾ ಅಂತ ನೋಡುತ್ತಿದ್ದರು. ನಮಗೆ ಪೆನ್ಸಿಲ್ ಬೇಡ. ನಾನು ಬಾಡಿಗೆ ಮನೆ ಹುಡುಕುವಾಗ ಒಬ್ಬ ಮನೆ ಯಜಮಾನಿ ಕಾಫಿ ಕೊಟ್ಟು, ಊರು ಕೇಳಿ, ಅಪ್ಪನ ಹೆಸರು ಕೇಳಿ, ‘ನೀವು ಯಾವ ಪೈಕಿ?’ ಅಂದರು. ಮಾರನೇ ದಿನ ಮನೆ ಬೇರೆಯವರಿಗೆ ಹೋಗಿತ್ತು.

ಜೈಲಿನ ವಿಷಯಕ್ಕೇ ಬರೋಣ. ನಮ್ಮ ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಮೊನ್ನೆ ಮೊನ್ನೆವರೆಗೂ ಜಾತಿ ನೋಡಿ ಕೆಲಸ ಹಂಚುವ ನಿಯಮಗಳಿದ್ದವು. ಗುಡಿಸುವುದು, ಕಕ್ಕಸು ತೊಳೆಯುವುದು ಕೆಲವು ಜಾತಿಗೆ, ಅಡುಗೆ ‘ಮೇಲಿನ’ ಜಾತಿಗೆ. ಪತ್ರಕರ್ತೆ ಸುಕನ್ಯಾ ಶಾಂತಾ ಇದನ್ನು ಸುಪ್ರೀಂ ಕೋರ್ಟಿಗೆ ತೆಗೆದುಕೊಂಡು ಹೋದರು. 2024ರ ಅಕ್ಟೋಬರ್ 3ರಂದು ಕೋರ್ಟು ಆ ನಿಯಮಗಳು ಸಂವಿಧಾನಕ್ಕೆ ವಿರುದ್ಧ ಅಂದಿತು. ಮಂಡೇಲಾ ಚಡ್ಡಿ ಕಥೆ ಕೇಳಿ ಅಯ್ಯೋ ಪಾಪ ಅಂದವರು ಈ ತಾರೀಖು ಕೇಳಿ ಸುಮ್ಮನಾದರು.

ಚಿಂತಾಮಣಿ ಕಡೆಯ ಒಬ್ಬರು ಮಾತ್ರ ಮೆಲ್ಲಗೆ ‘ಕಂಬಾಲಪಲ್ಲಿ’ ಅಂದರು. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. ಯಾರು ಜೈಲಿಗೆ ಹೋಗುತ್ತಾರೆ ಅನ್ನುವಷ್ಟೇ ಯಾರು ಹೋಗುವುದಿಲ್ಲ ಅನ್ನುವುದೂ ಮುಖ್ಯ ಅಂತ ಅವರು ಹೇಳಿದರು. ಆ ದಿನ ಚರ್ಚೆ ಅಲ್ಲಿಗೇ ನಿಂತಿತು.

‘ಕರಿಯರು’ ಅನ್ನಬೇಕಾ, ‘ಕಪ್ಪು ಜನ’ ಅನ್ನಬೇಕಾ?

ನಾನು ಕಪ್ಪು ಜನ ಅನ್ನುತ್ತೇನೆ. ನಮ್ಮಲ್ಲಿ ಕರಿಯಪ್ಪ, ಕರಿಯಮ್ಮ ಅಂತ ದೇವರೇ ಇದ್ದಾರೆ, ಮುದ್ದಿಗೂ ಕರಿಯ ಅನ್ನುತ್ತೇವೆ, ನಿಜ. ಆದರೆ ಫೇರ್‌ನೆಸ್ ಕ್ರೀಮ್ ಹಚ್ಚಿಕೊಂಡು ಕೂತು ಇನ್ನೊಬ್ಬರನ್ನು ಕರಿಯ ಅಂದರೆ ಅದು ಮುದ್ದಿನ ಮಾತಲ್ಲ.

ಕೆಜಿಎಫ್‌ನವರು ಈ ಸಿನಿಮಾ ನೋಡಿ ಯಾಕೆ ಅಷ್ಟು ಮಾತಾಡುತ್ತಾರೆ?

ಸಿನಿಮಾದಲ್ಲಿ ಗಣಿ ಇಲ್ಲ, ಆದರೆ ಪಾಸ್ ಪುಸ್ತಕದ ಹಿಂದೆ ಗಣಿ ಇದೆ. ದಕ್ಷಿಣ ಆಫ್ರಿಕಾದ ಸಂಪತ್ತಿನಲ್ಲಿ ದೊಡ್ಡ ಪಾಲು ಚಿನ್ನ. ಅದನ್ನು ಅಗೆಯಲು ಕಪ್ಪು ಕೂಲಿಗಳು ಬೇಕು, ಆದರೆ ಅವರು ಊರೊಳಗೆ ನೆಲೆ ನಿಲ್ಲಬಾರದು. ಹಾಗಾಗಿ ಗಂಡಸರನ್ನು ಮಾತ್ರ ಕರೆತಂದು ಕಾಂಪೌಂಡಿನೊಳಗೆ ಇಟ್ಟರು, ಓಡಾಟಕ್ಕೆ ಪಾಸ್ ಇಟ್ಟರು. ಕೆಜಿಎಫ್‌ನಲ್ಲೂ ಗಣಿ ನಡೆಸುತ್ತಿದ್ದ ಬ್ರಿಟಿಷರ ಜಾನ್ ಟೇಲರ್ ಕಂಪನಿ ಕಾಲದಲ್ಲಿ ಗುಡ್ಡದ ಮೇಲೆ ಸಾಹೇಬರ ಬಂಗಲೆ, ಕ್ಲಬ್ಬು, ಕೆಳಗೆ ಕೂಲಿ ಲೈನಿನ ಬಿದಿರು ತಟ್ಟಿ ಗುಡಿಸಲು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಮಾಡುತ್ತೇವೆ ಅಂದಾಗ ದೊಡ್ಡ ಮುಷ್ಕರವೇ ಆಯಿತು. ಬೆರಳಚ್ಚಿನ ವಿರುದ್ಧ ಗಾಂಧಿ ಜೊಹಾನೆಸ್‌ಬರ್ಗ್‌ನಲ್ಲಿ ಕಾದಾಡಿ ಇಪ್ಪತ್ತು ವರ್ಷ ಆಗಿತ್ತು ಆಗ.

ನಮ್ಮಲ್ಲಿಗೆ ಬರುವ ಆ ಹಿರಿಯರು ಗಣಿಯಲ್ಲಿ ಕೆಲಸ ಮಾಡಿದವರು. ಪಾಳಿ ಮುಗಿಸಿ ಮೇಲೆ ಬಂದ ಮೇಲೆ ಮೈಯೆಲ್ಲ ತಡಕಿ ತಪಾಸಣೆ ಮಾಡಿಸಿಕೊಂಡೇ ಗೇಟು ದಾಟಬೇಕಿತ್ತಂತೆ. ಸಿನಿಮಾದಲ್ಲಿ ಕೈದಿಗಳ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುವ ದೃಶ್ಯ ಬಂದಾಗ ಅವರು ನಕ್ಕುಬಿಟ್ಟರು. ‘ನಮಗೆ ಇದಕ್ಕೆ ಸಂಬಳ ಕೊಡ್ತಿದ್ರು’ ಅಂದರು.

ಸಿನಿಮಾಕ್ಕೂ ನಿಜಕ್ಕೂ ಎಷ್ಟು ವ್ಯತ್ಯಾಸ?

ದೊಡ್ಡದು ಒಂದು. ಮೂಂಬಾರಿಸ್ ಬದಲು ಲೆನಾರ್ಡ್ ಫಾಂಟೇನ್ ಅಂತ ಪಾತ್ರ ಕಟ್ಟಿದ್ದಾರೆ. ಚಿತ್ರೀಕರಣ ಆಗಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ನಿಜವಾದ ಟಿಮ್ ಜೆಂಕಿನ್ ಕೂಡ ಒಂದು ಕಡೆ ಬಂದು ಹೋಗುತ್ತಾರೆ, ಭೇಟಿ ಕೋಣೆಯ ದೃಶ್ಯದಲ್ಲಿ ಕಣ್ಣಿಟ್ಟು ನೋಡಿ. ಇನ್ನೊಂದು, ತಪ್ಪಿಸಿಕೊಂಡ ಮೇಲೆ ಅಧಿಕಾರಿಗಳಿಗೆ ಮರದ ಬೀಗದ ಕೈ ಕಥೆ ನಂಬಲಾಗದೆ ಪಾಳಿಯಲ್ಲಿದ್ದ ಕಾವಲುಗಾರನ ಮೇಲೇ ಕೇಸು ಹಾಕಿದರು. ಆಮೇಲೆ ಆತ ಖುಲಾಸೆಯಾದ.

ಹ್ಯಾರಿ ಪಾಟರ್ ಹುಡುಗನೇ ಅಲ್ವಾ ಅದು?

ಅವನೇ, ಡೇನಿಯಲ್ ರಾಡ್‌ಕ್ಲಿಫ್. ಗೋಲ್ಡ್‌ಬರ್ಗ್ ಆಗಿ ಬರುವ ಇಯಾನ್ ಹಾರ್ಟ್ ಮೊದಲ ಹ್ಯಾರಿ ಪಾಟರ್‌ನಲ್ಲಿ ಪೇಟ ಸುತ್ತಿದ ಮೇಷ್ಟ್ರು. ಈ ಪ್ರಶ್ನೆಗೆ ಇಷ್ಟು ಸಾಕು.

ಮಕ್ಕಳಿಗೆ ತೋರಿಸಬಹುದಾ?

ಹೈಸ್ಕೂಲ್ ಮಕ್ಕಳಿಗೆ ಪರವಾಗಿಲ್ಲ. ಬೈಗುಳ ಇದೆ, ಬಟ್ಟೆ ಬಿಚ್ಚಿಸುವ ದೃಶ್ಯ ಇದೆ. ರಕ್ತ ಜಾಸ್ತಿ ಇಲ್ಲ.

ತಪ್ಪಿಸಿಕೊಂಡ ಮೇಲೆ ಅವರು ಏನಾದರು?

ಜೆಂಕಿನ್, ಲೀ ಇಬ್ಬರೂ ಸ್ವಾಜಿಲೆಂಡ್ ಗಡಿ ದಾಟಿ ಮೊಜಾಂಬಿಕ್‌ಗೆ ಹೋದರು, ಮೂಂಬಾರಿಸ್ ಬೇರೆ ದಾರಿ ಹಿಡಿದರು. ಜೆಂಕಿನ್ ಆಮೇಲೆ ಲಂಡನ್ನಿನಲ್ಲಿ ಕೂತು, ದಕ್ಷಿಣ ಆಫ್ರಿಕಾದೊಳಗೆ ಅಡಗಿದ್ದ ಎಎನ್‌ಸಿಯವರ ಜೊತೆ ಗುಟ್ಟಾಗಿ ಮಾತಾಡಲು ಕಂಪ್ಯೂಟರಿನಲ್ಲಿ ಸಂಕೇತಭಾಷೆಯ ವ್ಯವಸ್ಥೆ ಕಟ್ಟಿದರು. ಮರದ ಬೀಗದ ಕೈ ಆಯಿತು, ಆಮೇಲೆ ಅಕ್ಷರದ ಬೀಗದ ಕೈ. ಎಲ್ಲ ಬಣ್ಣದವರೂ ಓಟು ಹಾಕಿದ ಮೊದಲ ಚುನಾವಣೆ 1994ರ ಏಪ್ರಿಲ್‌ನಲ್ಲಿ ನಡೆಯಿತು.

ಮರದ ಬೀಗದ ಕೈಯಿಂದ ನಿಜವಾಗಿ ಬೀಗ ತೆಗೆಯಬಹುದಾ?

ನಮಗೂ ಇದೇ ಅನುಮಾನ. ಎರಡನೇ ಸಲ ತೋರಿಸಿದ ಮಾರನೇ ವಾರ ಆಚಾರಿ ತಾತ ನಮ್ಮ ಹಳೇ ಕಣಜದ ಕೋಣೆಯ ದೊಡ್ಡ ಬೀಗದ ಕೈಯನ್ನು ನೋಡಿಕೊಂಡು, ಹೊನ್ನೆ ಮರದ ಚೂರಿನಲ್ಲಿ ಉಳಿ ಮತ್ತು ಅರದಿಂದ ಒಂದು ಕೆತ್ತಿ ತಂದರು. ಮೊದಲನೆಯದು ಬೀಗದೊಳಗೇ ಮುರಿಯಿತು. ಅದನ್ನು ತೆಗೆಯಲು ಸೂಜಿ, ಹೇರ್‌ಪಿನ್ನು, ಅರ್ಧ ದಿನ. ಎರಡನೆಯದು ತಿರುಗಲೇ ಇಲ್ಲ. ಮೂರನೆಯದಕ್ಕೆ ಸ್ವಲ್ಪ ಮೇಣ ಸವರಿ ಹಾಕಿದಾಗ ಟಕ್ ಅಂತು. ತಾತ ಮಾತಾಡಲಿಲ್ಲ, ಬೀಡಿ ಹಚ್ಚಿದರು. ಆಮೇಲೆ ಕೇಳಿದರು, ‘ಅವರ ಹಿಂದೆ ಪೊಲೀಸ್ ನಿಂತಿದ್ದಾಗ ಮಾಡಿದ್ದಲ್ವಾ ಇದು?’ ಹೌದು ಅಂದೆ. ಆ ಬೀಗದ ಕೈ ಈಗ ನಮ್ಮ ದೇವರ ಗೂಡಿನ ಪಕ್ಕ ಮೊಳೆಗೆ ನೇತು ಹಾಕಿದೆ. ಬಂದವರು ಕೇಳಿದರೆ ತೋರಿಸುತ್ತೇವೆ, ಬೀಗಕ್ಕೆ ಹಾಕಲು ಮಾತ್ರ ಕೊಡುವುದಿಲ್ಲ.